ಮುಷ್ಕರದ ತಿಂಗಳ ಹೆಬ್ಬೆಟ್ಟುಗಳು: ಸಮಾಜವಾದಿ ದೃಷ್ಟಿಯ ಇತಿಹಾಸ ಬರವಣಿಗೆಗೆ ಮುಂದೇನು?

ಹೊಸಪುಟ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮುಚ್ಚಿಹೋದ ಒಂದು ಬಟ್ಟೆ ಗಿರಣಿಯ ಕಾರ್ಮಿಕರ ಬಗ್ಗೆ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದೇನೆ. ಮೂರನೆಯ ಅಧ್ಯಾಯ ಅಲ್ಲಿ ನಡೆದ ದೊಡ್ಡ ಮುಷ್ಕರದ ಕುರಿತದ್ದು. ಓದಿದ ನನ್ನ ಮಾರ್ಗದರ್ಶಕರು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ಹಿಂದಿರುಗಿಸಿದರು: ‘ತೀರ್ಮಾನ ಮೊದಲೇ ಗೊತ್ತಿದ್ದರೆ ಪತ್ರಾಗಾರಕ್ಕೆ ಹೋದದ್ದು ಏಕಮ್ಮ?’

ಮೊದಲು ಸಿಟ್ಟು ಬಂತು, ಆಮೇಲೆ ನಿದ್ದೆ ಬರಲಿಲ್ಲ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ. ಗಿರಣಿಯ ಕೂಲಿ ಬಟವಾಡೆ ಪುಸ್ತಕದಲ್ಲಿ ಮುಷ್ಕರದ ತಿಂಗಳ ಪುಟಗಳು ಖಾಲಿ ಇವೆ, ಆದರೆ ಪೂರ್ತಿ ಖಾಲಿಯಲ್ಲ. ಹನ್ನೊಂದು ಹೆಬ್ಬೆಟ್ಟುಗಳಿವೆ. ಒಂದೊಂದು ಗುರುತೂ ಅದರದರ ಚೌಕದೊಳಗೆ ನೀಲಿ ಮಸಿಯಲ್ಲಿ ಸ್ಪಷ್ಟವಾಗಿದೆ. ಒಂದರಲ್ಲಿ ಬೆರಳಿನ ಅಡ್ಡಕ್ಕೆ ಹಳೆಯ ಗಾಯದ ಗೀರೂ ಮೂಡಿದೆ. ಅಷ್ಟು ಜನ ಆ ತಿಂಗಳು ಕೆಲಸಕ್ಕೆ ಹೋಗಿ ಕೂಲಿ ತೆಗೆದುಕೊಂಡಿದ್ದಾರೆ. ನನ್ನ ಅಧ್ಯಾಯದಲ್ಲಿ ಅವರಿಲ್ಲ. ‘ಇಡೀ ಗಿರಣಿ ಒಂದಾಗಿ ಎದ್ದು ನಿಂತಿತು’ ಎಂದು ಬರೆದಿದ್ದೇನೆ.

ನಾನು ಸಮಾಜವಾದಿ. ದುಡಿಯುವವರ ಕಡೆ ನಿಂತು ಇತಿಹಾಸ ಬರೆಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಡೆ ನಿಂತದ್ದಕ್ಕೇ ನಾನು ಹನ್ನೊಂದು ದುಡಿಯುವವರನ್ನು ಪುಟದಿಂದ ಅಳಿಸಿದೆನಲ್ಲ? ಈ ದೃಷ್ಟಿಯ ಬರವಣಿಗೆಗೆ ಇದು ಹುಟ್ಟಿನಿಂದ ಬಂದ ದೋಷವೇ, ನನ್ನೊಬ್ಬಳ ದೋಷವೇ? ಬಲ್ಲವರು ದಯವಿಟ್ಟು ಹೇಳಿ.

ಅಡಿಟಿಪ್ಪಣಿ

ಆ ಹೆಬ್ಬೆಟ್ಟುಗಳನ್ನು ಇಲ್ಲಿ ಹೇಳಿಕೊಂಡಿರಲ್ಲ, ಅದೇ ಒಳ್ಳೆಯ ಸೂಚನೆ. ನನ್ನ ತಿಳಿವಳಿಕೆಯ ಮಟ್ಟಿಗೆ ಅದು ಹುಟ್ಟಿನಿಂದ ಬಂದ ದೋಷವಲ್ಲ.

ಫ್ರಾನ್ಸಿನ ಸಮಾಜವಾದಿ ನಾಯಕ ಜ್ಯಾಂ ಜೋರೆಸ್ 1901ರಿಂದ ಫ್ರೆಂಚ್ ಕ್ರಾಂತಿಯ ಸಮಾಜವಾದಿ ಇತಿಹಾಸವನ್ನು ಪ್ರಕಟಿಸತೊಡಗಿದರು. ರೈತರೂ ಕಾರ್ಮಿಕರೂ ಓದಲಿ ಎಂದೇ ಬರೆದ ಸಂಪುಟಗಳು ಅವು. ತನಗೆ ಸ್ಫೂರ್ತಿ ಮೂವರಿಂದ ಬಂದದ್ದು, ಮಾರ್ಕ್ಸ್, ಮಿಶೆಲೆ ಮತ್ತು ಪ್ಲುಟಾರ್ಕ್ ಎಂದು ಅವರು ಮೊದಲಿಗೇ ಹೇಳಿಕೊಂಡರು. ಆರ್ಥಿಕ ಕಾರಣ ಹುಡುಕುವವನ ಪಕ್ಕದಲ್ಲಿ ಜನರ ಭಾವಾವೇಶವನ್ನು ಬರೆದವನನ್ನೂ ವ್ಯಕ್ತಿಗಳ ಗುಣ ಅವಗುಣಗಳನ್ನು ಬರೆದವನನ್ನೂ ಕೂರಿಸಿದ ಮನುಷ್ಯ ಇಕ್ಕಟ್ಟಿನ ಮನಸ್ಸಿನವನಾಗಿರಲು ಸಾಧ್ಯವಿಲ್ಲ. ಅದಕ್ಕಿಂತ ದೊಡ್ಡದು ಅವರು 1903ರಲ್ಲಿ ಮಾಡಿಸಿದ ಕೆಲಸ. ಕ್ರಾಂತಿಕಾಲದ ಆರ್ಥಿಕ ಬದುಕಿನ ದಾಖಲೆಗಳನ್ನು ಹುಡುಕಿ ಅಚ್ಚು ಹಾಕಿಸಲು ಸರ್ಕಾರವೇ ಒಂದು ಆಯೋಗ ರಚಿಸುವಂತೆ ಮಾಡಿದರು. 1789ರಲ್ಲಿ ಹಳ್ಳಿಹಳ್ಳಿಗಳಿಂದ ಬಂದ ಅಹವಾಲುಗಳು, ಜಪ್ತಿಯಾದ ಜಮೀನಿನ ಮಾರಾಟದ ಪತ್ರಗಳು ಹಾಗೆ ಬೆಳಕಿಗೆ ಬಂದವು. ತನ್ನ ವಾದವನ್ನು ಯಾರು ಬೇಕಾದರೂ ಪರೀಕ್ಷಿಸಿ ಸುಳ್ಳಾಗಿಸಬಹುದಾದ ಆಕರಗಳನ್ನು ತಾನೇ ತೆರೆದಿಟ್ಟರು.

ಸುಳ್ಳಾಯಿತೋ ಎಂದರೆ, ಒಂದು ಭಾಗ ಸುಳ್ಳೇ ಆಯಿತು, ಅದೂ ಅವರದೇ ಪರಂಪರೆಯ ಕೈಯಿಂದ. ಫ್ರೆಂಚ್ ಇತಿಹಾಸಕಾರ ಜಾರ್ಜ್ ಲೆಫೆವ್ರ್ ವರ್ಷಗಟ್ಟಲೆ ತೆರಿಗೆ ಪಟ್ಟಿಗಳಲ್ಲಿ ಮುಳುಗಿದ್ದು 1924ರಲ್ಲಿ ಉತ್ತರ ಫ್ರಾನ್ಸಿನ ರೈತರ ಬಗ್ಗೆ ದೊಡ್ಡ ಅಧ್ಯಯನ ಹೊರತಂದರು. ಕ್ರಾಂತಿ ಮಧ್ಯಮವರ್ಗದ್ದು, ರೈತರು ಹಿಂಬಾಲಕರು ಎಂಬ ಸರಳ ಚಿತ್ರ ಅಲ್ಲಿ ನಿಲ್ಲಲಿಲ್ಲ. ರೈತರು ತಮ್ಮದೇ ಕ್ರಾಂತಿ ನಡೆಸಿದ್ದರು. ಜಮೀನುದಾರನ ಹಕ್ಕುಗಳ ಮೇಲಿದ್ದ ಸಿಟ್ಟೇ ಲಾಭಕ್ಕಾಗಿ ದೊಡ್ಡ ಹಿಡುವಳಿ ಮಾಡುವವನ ಮೇಲೂ ಅವರಿಗಿತ್ತು. ಲೆಫೆವ್ರ್ ತಮ್ಮ ಪ್ರಶ್ನೆಯನ್ನು ಬಿಡಲಿಲ್ಲ, ಉತ್ತರವನ್ನು ಬದಲಿಸಿಕೊಂಡರು.

ಮಾರ್ಕ್ಸ್‌ರ ಒಡನಾಡಿ ಎಂಗೆಲ್ಸ್ 1890ರಲ್ಲಿ ಜೋಸೆಫ್ ಬ್ಲಾಖ್‌ಗೆ ಬರೆದ ಪತ್ರವನ್ನೂ ಒಮ್ಮೆ ನೋಡಿ. ಕಿರಿಯರು ಆರ್ಥಿಕ ಅಂಶಕ್ಕೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಒತ್ತು ಕೊಡುತ್ತಿದ್ದಾರೆ, ಅದರ ತಪ್ಪು ಒಂದಷ್ಟು ಮಾರ್ಕ್ಸ್‌ರದೂ ತನ್ನದೂ ಹೌದು ಎಂದು ಒಪ್ಪಿಕೊಂಡಿದ್ದಾರೆ.

ಸಂದೇಹಿ

ಅಡಿಟಿಪ್ಪಣಿಯವರ ಓದಿನ ಬಗ್ಗೆ ನನಗೆ ಗೌರವವಿದೆ. ಆದರೆ ಇದು ಆಯ್ದ ನೆನಪು. ಸಮಾಜವಾದ ಅಧಿಕಾರಕ್ಕೆ ಬಂದ ಮೇಲೆ ಇತಿಹಾಸ ಹೇಗೆ ಬರೆಯಲ್ಪಟ್ಟಿತು ಎಂಬುದನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗುವುದಿಲ್ಲ.

ಪೊಕ್ರೋವ್‌ಸ್ಕಿ ಸೋವಿಯತ್ ಇತಿಹಾಸಕಾರರಲ್ಲಿ ಮೊದಲ ಸಾಲಿನವರು, ಮಾರ್ಕ್ಸ್‌ವಾದಿ. 1932ರಲ್ಲಿ ತೀರಿಕೊಂಡರು. ನಾಲ್ಕು ವರ್ಷ ಕಳೆಯುವುದರೊಳಗೆ ಅವರ ಇಡೀ ಪಂಥವೇ ಅಪರಾಧಿ ಎನಿಸಿಕೊಂಡಿತು. 1938ರಲ್ಲಿ ಕಮ್ಯುನಿಸ್ಟ್ ಪಕ್ಷದ ಇತಿಹಾಸದ ಅಧಿಕೃತ ಪಠ್ಯ ಬಂತು. ಅಲ್ಲಿಂದ ಮುಂದೆ ಇತಿಹಾಸಕಾರನ ಕೆಲಸ ಆ ಪಠ್ಯಕ್ಕೆ ಉದಾಹರಣೆ ಹುಡುಕುವುದಷ್ಟೇ.

ಸ್ಟಾಲಿನ್ ಸತ್ತ ಮೇಲಾದರೂ? ಬುರ್ಜಾಲೊವ್ ಎಂಬ ಇತಿಹಾಸಕಾರರು ಅಲ್ಲಿನ ಮುಖ್ಯ ಇತಿಹಾಸ ಪತ್ರಿಕೆಯ ಉಪಸಂಪಾದಕರಾಗಿದ್ದರು. 1956ರಲ್ಲಿ ಅವರು ಹಳೆಯ ದಾಖಲೆಗಳನ್ನು ಹಿಡಿದು ಒಂದು ಲೇಖನ ಬರೆದರು. 1917ರ ಮಾರ್ಚ್ ತಿಂಗಳಲ್ಲಿ, ಲೆನಿನ್ ದೇಶಕ್ಕೆ ಮರಳುವ ಮೊದಲು, ಸ್ಟಾಲಿನ್ ಸೇರಿದಂತೆ ಬೊಲ್ಶೆವಿಕ್ (ಲೆನಿನ್ ಪಕ್ಷದ) ನಾಯಕರು, ತ್ಸಾರ್ ದೊರೆ ಬಿದ್ದ ಮೇಲೆ ಬಂದ ತಾತ್ಕಾಲಿಕ ಸರ್ಕಾರದ ಜೊತೆ ಮೆದುವಾಗಿ ನಡೆದುಕೊಂಡಿದ್ದರು ಎಂದು ತೋರಿಸಿದರು. ಅಷ್ಟೇ. ಮರುವರ್ಷ ಅವರ ಹುದ್ದೆ ಹೋಯಿತು. ಮುಂದೆ 1988ರಲ್ಲಿ ಸೋವಿಯತ್ ಶಾಲೆಗಳ ಇತಿಹಾಸ ಪರೀಕ್ಷೆಯನ್ನೇ ರದ್ದು ಮಾಡಬೇಕಾಯಿತು. ಪಠ್ಯಪುಸ್ತಕದಲ್ಲಿರುವುದು ಸುಳ್ಳು ಎಂದು ಪತ್ರಿಕೆಗಳೇ ಬರೆಯುತ್ತಿರುವಾಗ ಆ ಮಕ್ಕಳನ್ನು ಏನೆಂದು ಪರೀಕ್ಷಿಸುವುದು?

ಹೊಸಪುಟ ಅವರೇ, ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಹನ್ನೊಂದು ಹೆಬ್ಬೆಟ್ಟನ್ನು ಬರೆಯದೆ ಬಿಟ್ಟ ಕೈಯೂ ಛಾಯಾಚಿತ್ರದಿಂದ ಸ್ಟಾಲಿನ್‌ರ ಎದುರಾಳಿ ಟ್ರಾಟ್‌ಸ್ಕಿಯನ್ನು ಅಳಿಸಿದ ಕೈಯೂ ಒಂದೇ ಅಲ್ಲ. ಆದರೆ ಎರಡೂ ಒಂದೇ ದಾರಿಯಲ್ಲಿವೆ.

ಹೊಸಪುಟ

ನೋವಾಯಿತು ಸಂದೇಹಿ ಅವರೇ, ಆದರೆ ಹೇಳಿದ್ದು ಒಳ್ಳೆಯದಾಯಿತು. ಬುರ್ಜಾಲೊವ್ ಹೆಸರು ಕೇಳಿರಲಿಲ್ಲ. ನನ್ನ ಮೇಜಿನ ಮುಂದಿನ ಗೋಡೆಗೆ ಬರೆದು ಅಂಟಿಸಿದ್ದೇನೆ.

ಅಡಿಟಿಪ್ಪಣಿ

ಸಂದೇಹಿ ಅವರು ಹೇಳಿದ ಒಂದು ಸಂಗತಿಯನ್ನೂ ನಾನು ಅಲ್ಲಗಳೆಯುವುದಿಲ್ಲ. ಸೇರಿಸುವುದು ಇಷ್ಟೇ: ಬುರ್ಜಾಲೊವ್ ಕೂಡ ಕಮ್ಯುನಿಸ್ಟರೇ. ಅಳಿಸಿದವರೂ ಅಳಿಸಿದ್ದನ್ನು ಮತ್ತೆ ಬರೆದವರೂ ಒಂದೇ ಮನೆಯವರು.

ಅದೇ 1956ರಲ್ಲಿ ಬ್ರಿಟನ್ನಿನಲ್ಲಿ ಏನಾಯಿತೆಂದರೆ, ಹಂಗೇರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದ ಮೇಲೆ ಇತಿಹಾಸಕಾರರಲ್ಲಿ ಇ. ಪಿ. ಥಾಮ್ಸನ್ ಕಮ್ಯುನಿಸ್ಟ್ ಪಕ್ಷ ಬಿಟ್ಟರು, ಕ್ರಿಸ್ಟೋಫರ್ ಹಿಲ್ ಮರುವರ್ಷ ಬಿಟ್ಟರು, ಎರಿಕ್ ಹಾಬ್ಸ್‌ಬಾಮ್ ಉಳಿದರು. ಬಿಟ್ಟವರಲ್ಲಿ ಥಾಮ್ಸನ್ ಆಗ ಸಂಜೆ ತರಗತಿಗಳಲ್ಲಿ ದುಡಿಯುವ ಜನರಿಗೆ ಪಾಠ ಹೇಳುತ್ತಿದ್ದವರು. ಇಂಗ್ಲೆಂಡಿನ ಕಾರ್ಮಿಕ ವರ್ಗ ರೂಪುಗೊಂಡ ಬಗೆಯನ್ನು ಕುರಿತ ಅವರ ಪುಸ್ತಕ 1963ರಲ್ಲಿ ಬಂತು. ವರ್ಗವೆಂಬುದು ಕಾರ್ಖಾನೆಯಿಂದ ತಾನಾಗಿ ಉದುರುವ ಸಾಮಾನಲ್ಲ, ಜನರು ತಮ್ಮ ಅನುಭವದಿಂದ ವರ್ಷಗಟ್ಟಲೆ ಕಟ್ಟಿಕೊಳ್ಳುವ ಸಂಬಂಧ ಎಂಬುದು ಅದರ ತಿರುಳು. ಅಲ್ಲಿ ಅವರು ಬಳಸಿದ ಆಕರಗಳಲ್ಲಿ ಸರ್ಕಾರಿ ಗೂಢಚಾರರ ವರದಿಗಳೂ ಇವೆ. ನೇಕಾರರ ಗುಪ್ತಸಭೆಗೆ ನುಸುಳಿದವನು ಬಹುಮಾನದ ಆಸೆಗೆ ಉಪ್ಪುಖಾರ ಹಚ್ಚಿ ಬರೆದ ಕಾಗದದಿಂದ ಸತ್ಯ ತೆಗೆಯುವುದು ಹೇಗೆ ಎಂಬ ತರಬೇತಿ ಬೇಕಿದ್ದರೆ ಆ ಪುಟಗಳನ್ನು ಓದಬೇಕು.

ಲಾಳಿ

ನಾನು ಇತಿಹಾಸ ಓದಿದವಳಲ್ಲ. ಗಿರಣಿ ಕೆಲಸಗಾರನ ಮಗಳು. ಹೆಬ್ಬೆಟ್ಟಿನ ಮಾತು ಓದಿ ಬರೆಯಬೇಕೆನಿಸಿತು.

ಮಗ್ಗದ ಲಾಳಿ ನೋಡದವರಿಗಾಗಿ ಹೇಳುತ್ತೇನೆ. ದೋಣಿಯಾಕಾರದ, ಗೇಣುದ್ದಕ್ಕೂ ಹೆಚ್ಚಿನ ಮರದ ತುಂಡು, ಎರಡು ತುದಿಗೂ ಲೋಹದ ಮೊನೆ. ಹೊಟ್ಟೆಯಲ್ಲಿ ಹೊಕ್ಕುನೂಲು ಸುತ್ತಿದ ಕಂಡಿಕೆ ಕೂರುತ್ತದೆ. ನೂಲಿನ ತುದಿ ಪಕ್ಕದ ಸಣ್ಣ ಕಣ್ಣಿನಿಂದ ಹೊರಬರಬೇಕು. ಹಳೆಯ ಗಿರಣಿಗಳಲ್ಲಿ ಕಂಡಿಕೆ ಮುಗಿದು ಹೊಸದು ಹಾಕಿದಾಗಲೆಲ್ಲ ನೇಯುವವನು ಆ ಕಣ್ಣಿಗೆ ಬಾಯಿ ಹಚ್ಚಿ ಉಸಿರು ಒಳಗೆಳೆದು ನೂಲನ್ನು ಹೊರಗೆ ತರುತ್ತಿದ್ದ. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ. ಬಾಯೊಳಗೆ ಹತ್ತಿಯ ಧೂಳು, ಎಣ್ಣೆಯ ರುಚಿ. ಒಂದೇ ಲಾಳಿ ಹಲವರ ಬಾಯಿಗೆ.

ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಇದಕ್ಕೆ ಲಾಳಿಗೆ ಮುತ್ತಿಡುವುದು ಎಂದೇ ಹೆಸರಿತ್ತು. ಅಲ್ಲಿ ಇದು ರೋಗದ, ಹಲ್ಲು ಹಾಳಾಗುವ ಪ್ರಶ್ನೆಯಾಗಿ ಕಾರ್ಮಿಕ ಸಂಘಗಳ ಮುಂದೆ ಬಂತು. ಮುಂಬಯಿಯ ಗಿರಣಿಗಳಲ್ಲಿ ಅದೇ ಲಾಳಿ ಬೇರೆಯೇ ಆಯಿತು. ಒಬ್ಬನ ಎಂಜಲು ತಾಗಿದ್ದನ್ನು ಇನ್ನೊಬ್ಬ ಬಾಯಿಗೆ ಹಚ್ಚಬೇಕಲ್ಲ, ಹಾಗಾಗಿ ದಲಿತರಿಗೆ ನೇಯ್ಗೆ ವಿಭಾಗದ ಬಾಗಿಲು ಮುಚ್ಚಿತ್ತು. ಹೆಚ್ಚು ಕೂಲಿ ಸಿಗುತ್ತಿದ್ದದ್ದು ಅಲ್ಲಿಯೇ. ಬಾಗಿಲು ಮುಚ್ಚಿದವರಲ್ಲಿ ಜೊತೆಯ ಕಾರ್ಮಿಕರೂ ಇದ್ದರು. 1928ರ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಅವರು ಇದನ್ನು ಕಾರ್ಮಿಕ ನಾಯಕರ ಮುಂದಿಟ್ಟರು. 1929ರ ಮುಷ್ಕರವನ್ನು ಅವರು ವಿರೋಧಿಸಿದರು. 1936ರಲ್ಲಿ ಜಾತಿವಿನಾಶದ ಬಗ್ಗೆ ಬರೆದಾಗ, ಜಾತಿ ದುಡಿಮೆಯನ್ನಷ್ಟೇ ಅಲ್ಲ, ದುಡಿಯುವವರನ್ನೇ ಹಂಚಿಟ್ಟಿದೆ ಎಂದರು.

ಹೊಸಪುಟ ಅವರೇ, ನಿಮ್ಮ ಹನ್ನೊಂದು ಜನ ಯಾವ ವಿಭಾಗದವರು? ಅದನ್ನು ನೋಡಿದಿರಾ? ನನ್ನ ತಂದೆ ನೂಲುವ ವಿಭಾಗದಲ್ಲೇ ಬದುಕು ಮುಗಿಸಿದರು. ಮಗ್ಗದ ಕಡೆ ಕೈ ಚಾಚಿದ್ದನ್ನು ನಾನು ಕಾಣೆ. ‘ಇಡೀ ಗಿರಣಿ ಒಂದಾಗಿ’ ಎಂಬ ಮಾತು ಓದಿದಾಗ ನನಗೆ ಆ ಬಾಗಿಲು ಕಾಣುತ್ತದೆ.

ಅಡಿಟಿಪ್ಪಣಿ

ಲಾಳಿ ಅವರ ಬರಹ ಓದಿ ಅರ್ಧ ದಿನ ಏನೂ ಬರೆಯಲಾಗಲಿಲ್ಲ.

ಅಮೆರಿಕದ ಕಪ್ಪು ಇತಿಹಾಸಕಾರ ಡಬ್ಲ್ಯು. ಇ. ಬಿ. ಡು ಬಾಯ್ಸ್ 1935ರಲ್ಲಿ ಅಮೆರಿಕದ ಅಂತರ್ಯುದ್ಧ ಮತ್ತು ಅದರ ನಂತರದ ಪುನರ್ನಿರ್ಮಾಣದ ವರ್ಷಗಳ ಬಗ್ಗೆ ಬರೆಯುವಾಗ ಇದೇ ಗೋಡೆಗೆ ತಲೆ ಕೊಟ್ಟವರು. ಗುಲಾಮರು ತೋಟಗಳನ್ನು ಬಿಟ್ಟು ಲಕ್ಷಗಟ್ಟಲೆ ಹೊರನಡೆದದ್ದನ್ನು ಅವರು ಸಾರ್ವತ್ರಿಕ ಮುಷ್ಕರ ಎಂದು ಕರೆದರು. ಆ ತನಕ ಅದನ್ನು ದುಡಿಯುವವರ ಹೋರಾಟವೆಂದು ಎಣಿಸಿದವರು ವಿರಳ. ಮತ್ತೆ, ಬಡ ಬಿಳಿಯ ಕಾರ್ಮಿಕ ಕಪ್ಪು ಕಾರ್ಮಿಕನ ಜೊತೆ ಏಕೆ ಸೇರಲಿಲ್ಲ ಎಂಬುದಕ್ಕೆ ಅವರ ಉತ್ತರ: ಅವನ ಕೈಗೆ ಸಿಕ್ಕ ಕೂಲಿ ಕಡಿಮೆಯಾದರೂ, ಬಿಳಿಯನೆಂಬ ಸಾರ್ವಜನಿಕ ಮರ್ಯಾದೆ ಎಂಬ ಇನ್ನೊಂದು ಮಾನಸಿಕ ಕೂಲಿ ಸಿಗುತ್ತಿತ್ತು. ಅಮೆರಿಕದ ಇತಿಹಾಸಕಾರರ ಪ್ರಮುಖ ಪತ್ರಿಕೆ ಆಗ ಆ ಪುಸ್ತಕಕ್ಕೆ ವಿಮರ್ಶೆಯನ್ನೇ ಪ್ರಕಟಿಸಲಿಲ್ಲ. ಮುಂಬಯಿಯ ನೇಯ್ಗೆ ವಿಭಾಗದ ಬಾಗಿಲಲ್ಲಿ ನಿಂತವನಿಗೂ ಅಂಥ ಕೂಲಿ ಸಿಗುತ್ತಿತ್ತು ಎಂದು ನನಗೆ ಈಗ ತೋರುತ್ತಿದೆ. ಎರಡೂ ಒಂದೇ ಎನ್ನುತ್ತಿಲ್ಲ. ಹೋಲಿಸಿ ನೋಡಬೇಕಾದ ಜಾಗ ಎನ್ನುತ್ತಿದ್ದೇನೆ.

ಸಂದೇಹಿ

ಇಲ್ಲಿಯೇ ನನ್ನ ನಿಜವಾದ ಪ್ರಶ್ನೆ. ಜಾತಿ ಬಂತು, ಜನಾಂಗ ಬಂತು, ನಾಳೆ ಲಿಂಗ ಬರುತ್ತದೆ, ಧರ್ಮ ಬರುತ್ತದೆ. ಎಲ್ಲವನ್ನೂ ಒಳಗೆ ಬಿಟ್ಟುಕೊಂಡ ಮೇಲೆ ಇದನ್ನು ಸಮಾಜವಾದಿ ಇತಿಹಾಸ ಎನ್ನುವುದಕ್ಕೆ ಏನು ಉಳಿಯಿತು? ಒಳ್ಳೆಯ ಇತಿಹಾಸ ಎಂದರೆ ಸಾಲದೇ? ಹೆಸರಿನ ಮೇಲೆ ಇಷ್ಟು ಮಮತೆ ಏಕೆ?

ಎರಡನೇ ಪಾಳಿ

‘ನಾಳೆ ಲಿಂಗ ಬರುತ್ತದೆ’ ಅಲ್ಲ ಸಂದೇಹಿ ಅವರೇ, ಅದು ಬಂದು ಐವತ್ತು ವರ್ಷ ದಾಟಿತು. ಬಂದದ್ದೂ ಬಾಗಿಲು ಬಡಿದೇ. ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ರಾಫೆಲ್ ಸ್ಯಾಮ್ಯುಯೆಲ್ ಕಟ್ಟಿದ ಇತಿಹಾಸ ಕಮ್ಮಟಗಳಲ್ಲಿ ಕಾರ್ಮಿಕ ವಿದ್ಯಾರ್ಥಿಗಳೇ ತಮ್ಮ ಕಸುಬಿನ ಇತಿಹಾಸ ಬರೆದು ಓದುತ್ತಿದ್ದರು. ಗಣಿಯವನು ಗಣಿಯದ್ದು, ರೈಲಿನವನು ರೈಲಿನದ್ದು. ಅಷ್ಟು ಒಳ್ಳೆಯ ಜಾಗದಲ್ಲಿಯೂ 1969ರಲ್ಲಿ, ಮಹಿಳೆಯರ ಇತಿಹಾಸದ ಬಗ್ಗೆ ಕೂಡಿ ಮಾತನಾಡೋಣ ಎಂದಾಗ ಸಭೆ ನಕ್ಕಿತು. ನಗೆಗೀಡಾದವರು ಸುಮ್ಮನಾಗಲಿಲ್ಲ. 1970ರಲ್ಲಿ ಅದೇ ಕಾಲೇಜಿನಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಮಹಿಳಾ ವಿಮೋಚನಾ ಸಮ್ಮೇಳನ ನಡೆಯಿತು. ಅವರಲ್ಲೊಬ್ಬರಾದ ಶೀಲಾ ರೌಬಾಟಮ್ 1973ರಲ್ಲಿ ಮರೆಯಾಗಿಟ್ಟ ಹೆಂಗಸರ ಮುನ್ನೂರು ವರ್ಷಗಳ ಚರಿತ್ರೆ ಬರೆದರು. ಅವರು ಸಮಾಜವಾದಿಯೇ.

ಹೊಸಪುಟ, ನಿನ್ನನ್ನು ತಂಗಿ ಎಂದುಕೊಂಡು ಕೇಳುತ್ತೇನೆ. ಬಟವಾಡೆ ಪುಸ್ತಕ ಖಾಲಿಯಿದ್ದ ಆ ತಿಂಗಳು ನೂರಾರು ಮನೆಗಳಲ್ಲಿ ಒಲೆ ಉರಿದದ್ದು ಹೇಗೆ? ಸಾಲ ತಂದವರು ಯಾರು, ಬೇರೆ ಮನೆಯ ಕೆಲಸಕ್ಕೆ ಹೋದವರು ಯಾರು? ಅವರ ಹೆಬ್ಬೆಟ್ಟು ಯಾವ ಪುಸ್ತಕದಲ್ಲೂ ಇಲ್ಲ. ಮುಷ್ಕರ ಎಷ್ಟು ದಿನ ನಡೆಯಿತು ಎಂಬುದನ್ನು ತೀರ್ಮಾನಿಸಿದ್ದು ಗಿರಣಿಯ ಗೇಟಿನಷ್ಟೇ ಆ ಒಲೆಗಳೂ ಹೌದು.

ಮೇಷ್ಟರು

ಸಂದೇಹಿ ಅವರ ಪ್ರಶ್ನೆಗೆ ಇನ್ನೊಂದು ಕಡೆಯಿಂದ ಬರುತ್ತೇನೆ. ಧರ್ಮದ ಮಾತು ಎತ್ತಿದಿರಿ. ನನ್ನ ಮಟ್ಟಿಗೆ ಸಮಾಜವಾದಿ ಇತಿಹಾಸಕಾರನಿಗೆ ಅತಿ ಕಷ್ಟದ ಜಾಗ ಅದೇ.

1855ರ ಸಂತಾಲ ಆದಿವಾಸಿಗಳ ದಂಗೆ. ಜಮೀನುದಾರ, ಬಡ್ಡಿ ವ್ಯಾಪಾರಿ, ಕಂಪನಿ ಸರ್ಕಾರ, ಮೂವರೂ ಸೇರಿ ಹಿಂಡಿದ್ದಕ್ಕೆ ಎದ್ದ ದಂಗೆ ಎಂದು ಯಾವ ಮಾರ್ಕ್ಸ್‌ವಾದಿಯೂ ಬರೆದಾನು, ಅದು ಸರಿಯೂ ಹೌದು. ಆದರೆ ನಾಯಕರಾದ ಸಿದ್ಧು ಮತ್ತು ಕಾನ್ಹು ಹೇಳಿದ್ದೇನು? ಇದು ಠಾಕೂರನ, ಅಂದರೆ ತಮ್ಮ ದೇವರ ಅಪ್ಪಣೆ, ಯುದ್ಧ ಮಾಡುವವನು ಅವನೇ ಎಂಬರ್ಥದ ಮಾತು. ಬ್ರಿಟಿಷ್ ಅಧಿಕಾರಿ ಇದನ್ನು ಮೌಢ್ಯವೆಂದು ಬರೆದ. ಮುಂದೆ ಬಂದ ಪ್ರಗತಿಪರ ಬರಹಗಾರ ಇದನ್ನು ಜನರನ್ನು ಒಗ್ಗೂಡಿಸಲು ನಾಯಕರು ಹೂಡಿದ ಉಪಾಯವೆಂದು ಬರೆದ. ಮೌಢ್ಯ ಎಂದವನೂ ಉಪಾಯ ಎಂದವನೂ ಅವರ ಮಾತನ್ನು ಅವರಿಂದ ಕಿತ್ತುಕೊಂಡರು. ಇತಿಹಾಸಕಾರ ರಣಜಿತ್ ಗುಹಾ 1983ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ. 1982ರಲ್ಲಿ ಅವರು ಆರಂಭಿಸಿದ ಸಬಾಲ್ಟರ್ನ್ (ಅಧೀನ ಜನರ) ಅಧ್ಯಯನ ಸಂಪುಟಗಳು ಮಾರ್ಕ್ಸ್‌ವಾದದ ಒಳಗಿನಿಂದಲೇ ಹುಟ್ಟಿದ ಜಗಳ. ಬಂಡಾಯಗಾರನನ್ನು ಅವನ ಬಂಡಾಯದ ಕರ್ತೃವಾಗಿ ಕಾಣಿ ಎಂದು ಅವರು ಹಟ ಹಿಡಿದರು.

ನಾನು ಗುಹಾ ಅವರನ್ನು ಪೂರ್ತಿ ಒಪ್ಪಿದವನಲ್ಲ. ಆ ದಾರಿಯಲ್ಲಿ ಹೋದ ಕೆಲವರು ಕೊನೆಗೆ ಭಾಷೆಯನ್ನೇ ನೋಡುತ್ತಾ, ಬಡ್ಡಿಯ ಲೆಕ್ಕ ನೋಡುವುದನ್ನು ಬಿಟ್ಟರು. ಸಂತಾಲನ ದೇವರು ನಿಜ. ಅವನ ಸಾಲಪತ್ರವೂ ನಿಜ. ಒಂದನ್ನು ಇನ್ನೊಂದರೊಳಗೆ ಕರಗಿಸದೆ ಒಂದೇ ಪುಟದಲ್ಲಿ ಎರಡನ್ನೂ ಬರೆಯಬಲ್ಲವರು ಬೇಕಾಗಿದ್ದಾರೆ. ನಲವತ್ತು ವರ್ಷ ಪಾಠ ಮಾಡಿದ್ದೇನೆ, ಅದನ್ನು ಚೆನ್ನಾಗಿ ಮಾಡಿದ ಪುಸ್ತಕಗಳು ಬೆರಳೆಣಿಕೆಯವು.

ಇನ್ನು, ಹೆಸರಿಗೆ ಏನು ಉಳಿಯಿತು ಎಂದು ಕೇಳಿದಿರಿ. ಒಂದು ಪ್ರಶ್ನೆ ಉಳಿಯಿತು. ದುಡಿದವರು ಯಾರು, ಆ ದುಡಿಮೆಯ ಮಿಗುತಾಯ ಯಾರ ಕೈ ಸೇರಿತು, ಅದು ನ್ಯಾಯವೆಂದು ನಂಬಿಸಿದ್ದು ಹೇಗೆ? ಜಾತಿ, ಲಿಂಗ, ದೇವರು ಎಲ್ಲವೂ ಈ ಪ್ರಶ್ನೆಯನ್ನು ಆಳ ಮಾಡುತ್ತವೆ. ಲಾಳಿ ಅವರು ಕೇಳಿದ್ದೂ ಅದನ್ನೇ ಅಲ್ಲವೇ, ಹೆಚ್ಚಿನ ಕೂಲಿ ಯಾರಿಗೆ ಹೋಯಿತು, ಯಾವ ನೆಪದಲ್ಲಿ ಹೋಯಿತು ಎಂದು?

ಕೊಸಾಂಬಿಯವರನ್ನು ನೆನೆಯದೆ ಮುಗಿಸಲಾರೆ. ಗಣಿತಜ್ಞ. ಹಳೆಯ ಮುದ್ರಾಂಕಿತ ನಾಣ್ಯಗಳು ಕೈಯಿಂದ ಕೈಗೆ ಹೋಗುತ್ತಾ ಎಷ್ಟು ಸವೆಯುತ್ತವೆ ಎಂದು ತಿಳಿಯಲು ತಮ್ಮ ಕಾಲದ ಚಲಾವಣೆಯ ಸಾವಿರಾರು ನಾಣ್ಯಗಳನ್ನು ತಕ್ಕಡಿಗೆ ಹಾಕಿದವರು. ಕಮ್ಯುನಿಸ್ಟ್ ನಾಯಕ ಡಾಂಗೆ 1949ರಲ್ಲಿ ಆದಿಮ ಸಮತಾವಾದದಿಂದ ಗುಲಾಮಗಿರಿಗೆ ಎಂದು ಭಾರತದ ಪ್ರಾಚೀನ ಇತಿಹಾಸವನ್ನು ಸಿದ್ಧ ಮೆಟ್ಟಿಲುಗಳ ಮೇಲೆ ಹತ್ತಿಸಿದಾಗ, ಅದನ್ನು ನಿರ್ದಾಕ್ಷಿಣ್ಯವಾಗಿ ಟೀಕಿಸಿದ್ದು ಮಾರ್ಕ್ಸ್‌ವಾದಿಯಾದ ಕೊಸಾಂಬಿಯವರೇ. ಮಾರ್ಕ್ಸ್‌ವಾದ ಯೋಚನೆಗೆ ಬದಲಿಯಲ್ಲ, ವಿಶ್ಲೇಷಣೆಯ ಉಪಕರಣ ಎಂಬುದು ಅವರ ನಿಲುವು.

ಸಂದೇಹಿ

ಮೇಷ್ಟರೇ, ಪ್ರಶ್ನೆ ಉಳಿಯಿತು ಎಂಬ ಮಾತನ್ನು ಒಪ್ಪುತ್ತೇನೆ. ಇದುವರೆಗೆ ಈ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಅಲುಗಿಸಿದ ಉತ್ತರ ಇದು. ಆದರೆ ಒಂದು ಷರತ್ತು. ಆ ಪ್ರಶ್ನೆಯನ್ನು ಸಮಾಜವಾದಿಗಳ ಆಳ್ವಿಕೆಗೂ ಅಷ್ಟೇ ಕಟುವಾಗಿ ಕೇಳಬೇಕು. 1937ರ ಸೋವಿಯತ್ ಜನಗಣತಿಯಲ್ಲಿ ಜನಸಂಖ್ಯೆ ನಿರೀಕ್ಷೆಗಿಂತ ತೀರಾ ಕಡಿಮೆ ಬಂತು. ಬರಗಾಲದಲ್ಲಿ ಸತ್ತವರು ಲೆಕ್ಕದಲ್ಲಿ ಕಾಣಿಸಿಕೊಂಡಿದ್ದರು. ಗಣತಿಯನ್ನು ಮುಚ್ಚಿಟ್ಟರು, ಲೆಕ್ಕ ಹಾಕಿದವರನ್ನು ಬಂಧಿಸಿದರು. ಅಲ್ಲಿ ದುಡಿದವರು ಯಾರು, ಧಾನ್ಯ ಯಾರ ಕೈ ಸೇರಿತು? ಈ ಅಧ್ಯಾಯವನ್ನು ವಿರೋಧಿಗಳು ಬರೆಯಲಿ ಎಂದು ಬಿಟ್ಟುಕೊಟ್ಟ ದಿನ ಸಮಾಜವಾದಿ ಇತಿಹಾಸಕಾರನ ಮಾತನ್ನು ಯಾರೂ ನಂಬಬೇಕಾಗಿಲ್ಲ.

ಮೇಷ್ಟರು

ಷರತ್ತಿಗೆ ಸಹಿ ಹಾಕಿದ್ದೇನೆ.

ಕಡತಗಾರ್ತಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವೆಲ್ಲರೂ ಮಾತನಾಡುತ್ತಿರುವುದು ದಾಖಲೆ ಉಳಿದಿದೆ ಎಂದು ಭಾವಿಸಿಕೊಂಡು. ನನ್ನ ಕೆಲಸವೇ ದಾಖಲೆಗಳದ್ದು, ಹಾಗಾಗಿ ನನ್ನ ದಿಗಿಲು ಬೇರೆ.

ಸರ್ಕಾರದ ಕಾಗದ ಉಳಿಯುತ್ತದೆ, ಕಂಪನಿಯ ಕಾಗದ ಅಷ್ಟಿಷ್ಟು ಉಳಿಯುತ್ತದೆ. ದುಡಿಯುವವರ ಕಾಗದ ಯಾರಾದರೂ ಎದೆಗವಚಿಕೊಂಡು ಓಡಿದರಷ್ಟೇ ಉಳಿಯುತ್ತದೆ. ಇದು ಅಲಂಕಾರದ ಮಾತಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 1935ರಲ್ಲಿ ಸಾಮಾಜಿಕ ಇತಿಹಾಸದ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದೇ ಹಿಟ್ಲರನ ಕೈಗೆ ಸಿಕ್ಕದಂತೆ ಕಾರ್ಮಿಕ ಚಳವಳಿಯ ಕಾಗದಪತ್ರಗಳನ್ನು ಕಾಪಾಡುವ ತುರ್ತಿನಲ್ಲಿ. 1938ರಲ್ಲಿ ಜರ್ಮನ್ ಪಡೆ ಆಸ್ಟ್ರಿಯಾಕ್ಕೆ ನುಗ್ಗಿದ ಹೊತ್ತಿನಲ್ಲಿ ಸಂಸ್ಥೆಯ ಗ್ರಂಥಪಾಲಕಿ ಅನ್ನಿ ಆದಮ ವಾನ್ ಶೆಲ್ಟೆಮಾ ವಿಯೆನ್ನಾದಿಂದ ರಷ್ಯದ ಅರಾಜಕತಾವಾದಿ ಬಕುನಿನ್‌ರ ಹಸ್ತಪ್ರತಿಗಳನ್ನು ಗುಟ್ಟಾಗಿ ಹೊರತಂದರು. ಮಾರ್ಕ್ಸ್ ಮತ್ತು ಎಂಗೆಲ್ಸ್ ಅವರ ಕಾಗದಗಳ ಬಹುಭಾಗ ಇಂದು ಇರುವುದು ಅದೇ ಸಂಸ್ಥೆಯಲ್ಲಿ.

ನನ್ನ ಕೈಗೆ ಹೋದ ವರ್ಷ ಒಂದು ಗೋಣಿಚೀಲ ಬಂತು. ಒಂದು ಹಳೆಯ ಕಾರ್ಮಿಕ ಸಂಘದ ಕಚೇರಿ ಖಾಲಿ ಮಾಡುವಾಗ ಗುಜರಿಗೆ ಹೋಗಬೇಕಿದ್ದದ್ದನ್ನು ಒಬ್ಬ ಪುಣ್ಯಾತ್ಮರು ತಂದುಕೊಟ್ಟರು. ನಡಾವಳಿ ಪುಸ್ತಕಗಳ ಅಂಚನ್ನು ಗೆದ್ದಲು ತಿಂದಿತ್ತು, ನಡುವಿನ ಬರಹ ಉಳಿದಿತ್ತು. ಒಂದು ಠರಾವು ಮತ್ತೆ ಮತ್ತೆ ಬರುತ್ತದೆ: ಗುಡಿಸುವ ಕೆಲಸದ ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ ಬಗ್ಗೆ. ಮೊದಲ ಸಲ ಪಕ್ಕದಲ್ಲಿ ‘ಮುಂದಿನ ಸಭೆಗೆ’ ಎಂದಿದೆ. ಎರಡನೆಯ ಸಲವೂ ‘ಮುಂದಿನ ಸಭೆಗೆ’. ಮೂರನೆಯ ಸಲ ಠರಾವಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದೆ, ಗೆರೆಯ ಕೆಳಗೆ ಅಕ್ಷರ ಈಗಲೂ ಓದಲು ಬರುತ್ತದೆ. ಸಂಘದ ನಾಯಕರು ಒಳ್ಳೆಯವರೇ ಇದ್ದಿರಬೇಕು. ಹಾಗಿದ್ದೂ ಆ ಗೆರೆ ಎಳೆದರು. ಗುಜರಿಗೆ ಹೋಗಿದ್ದರೆ ಗೆರೆಯೂ ಹೋಗುತ್ತಿತ್ತು, ಆ ಹೆಂಗಸರೂ ಹೋಗುತ್ತಿದ್ದರು.

ಭವಿಷ್ಯದ ಮಾತು ಕೇಳಿದಿರಿ. ಇಂದು ಮೊಬೈಲ್ ಆ್ಯಪ್ ನೋಡಿಕೊಂಡು ಸರಕು ತಲುಪಿಸುವವನಿಗೆ ಬಟವಾಡೆ ಪುಸ್ತಕವೇ ಇಲ್ಲ. ಅವನ ಹಾಜರಿ, ದಂಡ, ದರದ ಏರಿಳಿತ ಎಲ್ಲವೂ ಕಂಪನಿಯ ಸರ್ವರಿನಲ್ಲಿದೆ. ಖಾತೆ ಮುಚ್ಚಿದ ಕ್ಷಣ ಅವನ ಪಾಲಿನ ದಾಖಲೆಯೂ ಮುಚ್ಚುತ್ತದೆ. ಅವರ ಮುಷ್ಕರ ನಡೆಯುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಫೋನ್ ಹಾಳಾದರೆ ನಡಾವಳಿ ಹಾಳು. ಐವತ್ತು ವರ್ಷದ ನಂತರ ಇವರ ಇತಿಹಾಸ ಬರೆಯುವವಳಿಗೆ ಹನ್ನೊಂದು ಹೆಬ್ಬೆಟ್ಟೂ ಸಿಗುವುದಿಲ್ಲ. ಸಮಾಜವಾದಿ ಇತಿಹಾಸಕಾರರು ಸಿದ್ಧಾಂತದ ಜಗಳಕ್ಕೆ ಕೊಡುವ ಸಮಯದಲ್ಲಿ ಅರ್ಧವನ್ನು ಇದಕ್ಕೆ ಕೊಡಲಿ ಎಂದು ಕೈಮುಗಿದು ಕೇಳುತ್ತೇನೆ. ಅವರ ಒಪ್ಪಿಗೆ ಪಡೆದು ಸಂದೇಶಗಳ ಪ್ರತಿ ಇಡಿ, ಕೂಲಿಯ ಪರದೆಚಿತ್ರಗಳನ್ನು ದಿನಾಂಕ ಹಾಕಿ ಇಡಿ, ಧ್ವನಿ ಮುದ್ರಿಸಿಕೊಳ್ಳಿ. ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುತ್ತದೆ, ಅದನ್ನೂ ನೆನಪಿಡಿ.

ಹೊಸಪುಟ

ಹತ್ತು ದಿನ ಇಲ್ಲಿಗೆ ಬರಲಿಲ್ಲ. ಲಾಳಿ ಅಕ್ಕ ಕೇಳಿದ ಪ್ರಶ್ನೆ ಹಿಡಿದುಕೊಂಡು ಮತ್ತೆ ಪತ್ರಾಗಾರಕ್ಕೆ ಹೋಗಿದ್ದೆ.

ಬಟವಾಡೆ ಪುಸ್ತಕದಲ್ಲಿ ಹೆಸರಿನ ಮುಂದೆ ಟಿಕೆಟ್ ಸಂಖ್ಯೆ ಇದೆ. ಅದನ್ನು ವಿಭಾಗವಾರು ಪಟ್ಟಿಯ ಜೊತೆ ತಾಳೆ ನೋಡಿದೆ. ಹನ್ನೊಂದರಲ್ಲಿ ಏಳು ಜನ ಗುಡಿಸುವ ಮತ್ತು ನೂಲುವ ವಿಭಾಗದವರು. ಸಂಘದ ಬೇಡಿಕೆ ಪಟ್ಟಿಯ ಪ್ರತಿ ನನ್ನ ಬಳಿ ಮೊದಲಿನಿಂದಲೂ ಇತ್ತು. ಅದರಲ್ಲಿ ನೇಯ್ಗೆಯ ದರದ ಬಗ್ಗೆ ಆರು ಬೇಡಿಕೆಗಳಿವೆ, ಗುಡಿಸುವವರ ಬಗ್ಗೆ ಒಂದೂ ಇಲ್ಲ. ಇದನ್ನು ನಾನು ಹಲವು ಸಲ ಓದಿದ್ದೇನೆ, ಕಂಡಿರಲಿಲ್ಲ.

ಆದರೆ ಉಳಿದ ನಾಲ್ವರು ನೇಯ್ಗೆಯವರೇ. ಅವರು ಏಕೆ ಹೋದರು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಸಾಲವೋ, ಮನೆಯಲ್ಲಿ ಕಾಯಿಲೆಯೋ, ಭಯವೋ, ಸಂಘದ ಮೇಲಿನ ಸಿಟ್ಟೋ. ಬೆರಳಿನ ಮೇಲೆ ಗಾಯದ ಗೀರಿದ್ದದ್ದು ಅವರಲ್ಲೊಬ್ಬರದು. ‘ಇಡೀ ಗಿರಣಿ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಏಳು ಜನರ ಬಗ್ಗೆ ಎಂಟು ಪುಟ ಬರೆದಿದ್ದೇನೆ. ನಾಲ್ವರ ಬಗ್ಗೆ ಬರೆದದ್ದು ಒಂದೇ ಪ್ಯಾರಾ. ಕಾರಣ ದಾಖಲೆಯಲ್ಲಿಲ್ಲ ಎಂದೇ ಬರೆ, ಊಹೆಯಿಂದ ತುಂಬಬೇಡ ಎಂದರು ಮಾರ್ಗದರ್ಶಕರು.

ಆ ಗುಡಿಸುವವರಲ್ಲಿ ಒಬ್ಬರ ಮಗಳು ಇದ್ದಾರೆ, ಎಂಬತ್ತರ ಹತ್ತಿರದ ವಯಸ್ಸು. ಮಾತನಾಡಲು ಒಪ್ಪಿದ್ದಾರೆ. ಕಡತಗಾರ್ತಿ ಮೇಡಂ, ಮೊದಲ ದಿನವೇ ಧ್ವನಿಮುದ್ರಣ ಯಂತ್ರ ತೆಗೆದಿಡಬಹುದೇ?

ಕಡತಗಾರ್ತಿ

ಮೊದಲ ದಿನ ಬೇಡ. ಸುಮ್ಮನೆ ಹೋಗಿ ಕುಳಿತು ಬಾ. ಎರಡನೆಯ ದಿನ ಕೇಳಿ ಒಪ್ಪಿಗೆ ತೆಗೆದುಕೊ. ಮುದ್ರಿಸಿದ್ದರ ಒಂದು ಪ್ರತಿಯನ್ನು ಅವರ ಮನೆಯಲ್ಲೇ ಬಿಟ್ಟು ಬರಬೇಕು. ಬಟವಾಡೆ ಪುಸ್ತಕದ ಆ ಪುಟದ ಚಿತ್ರವಿದ್ದರೆ ಜೊತೆಗೊಯ್ಯಿ, ಆದರೆ ನೀನಾಗಿ ತೋರಿಸಬೇಡ. ಅಪ್ಪ ಆ ತಿಂಗಳು ಕೆಲಸಕ್ಕೆ ಹೋಗಿದ್ದರು ಎಂಬುದು ಅವರಿಗೆ ಗೊತ್ತಿದೆಯೋ ಇಲ್ಲವೋ.

ಲಾಳಿ

ಅವರಿಗೆ ಗೊತ್ತಿರುತ್ತದೆ. ಹೋಗಿ ಬಾ, ಆಮೇಲೆ ಇಲ್ಲಿ ಬರೆ. ಕಾಯುತ್ತಿರುತ್ತೇನೆ.